ಕೊಸರು

2025ರ ಜನವರಿ 18, ಶನಿವಾರ, ಬೆಳಿಗ್ಗೆ 6 ಗಂಟೆ 40 ನಿಮಿಷ. ಬೊಬ್ರುವಾಡದ ಹೊಲದಲ್ಲಿ ನಾಗಶ್ರೀ ಹರಿವೆ ಸೊಪ್ಪಿನ ಬೇರು ತೊಳೆಯುತ್ತಿದ್ದಾಗ ಕಾರವಾರದಿಂದ ಮಂಗೇಶರ ಫೋನು ಬಂತು. ಅಂಚೆ ಕಚೇರಿಯಲ್ಲಿ ಮೂವತ್ತು ವರ್ಷ ಪಾರ್ಸೆಲ್ ತೂಗಿ ನಿವೃತ್ತರಾದವರು ಅವರು.

"ನಾಗಶ್ರೀಬಾಯಿ, ಹೋದ ವಾರದ ಬುಟ್ಟಿ ತೂಗಿದೆ. ನಮ್ದು ನಾಲ್ಕು ಕಿಲೋ ತೊಂಬತ್ತು ಗ್ರಾಂ. ಮೇಲಿನ ಮನೆ ಕಲಾವತಿಬಾಯಿದು ನಾಲ್ಕು ಕಿಲೋ ಇನ್ನೂರು."

"ಆ ವಾರದ ಪಾಲು ಅಂತ ನಾವು ಹೇಳಿದ್ದು ನಾಲ್ಕು ಕಿಲೋ. ನಿಮಗೆ ಹೆಚ್ಚೇ ಬಂದಿದೆಯಲ್ಲ?"

"ಹೆಚ್ಚು ಬಂದದ್ದು ಬೇರೆ ಮಾತು. ಎಲ್ಲರಿಗೂ ಸಮಪಾಲು ಅಂತ ಸೇರಿಸ್ಕೊಂಡವ್ರು ನೀವೇ. ಅವ್ರಿಗೆ ನೂರಾ ಹತ್ತು ಗ್ರಾಂ ಜಾಸ್ತಿ ಯಾಕೆ? ಇವತ್ತೂ ಹಾಂಗೇ ಆದ್ರೆ ನಮ್ಮ ಕಟ್ಟಡದ ಆರೂ ಮನೆ ಮುಂದಿನ ಹಂಗಾಮಿಗೆ ಇಲ್ಲ."

ಇಪ್ಪತ್ತರಲ್ಲಿ ಆರು ಮನೆ. ಬಿತ್ತನೆಗೆ ಮೊದಲೇ ಕಾರವಾರದ ಇಪ್ಪತ್ತು ಕುಟುಂಬಗಳು ಇಡೀ ಹಂಗಾಮಿನ ಹಣ ಕೊಟ್ಟು ಈ ಹೊಲದ ಪಾಲುದಾರರಾಗಿದ್ದವು. ಪ್ರತಿ ಶನಿವಾರ ಕೊಯ್ದದ್ದು ಹೆಚ್ಚಿರಲಿ ಕಡಿಮೆಯಿರಲಿ, ಎಲ್ಲರಿಗೂ ಸಮನಾಗಿ ಹಂಚಬೇಕು. ಆರು ಮನೆ ಬಿಟ್ಟುಹೋದರೆ ಗೇಣಿಗೆ ಹಿಡಿದ ಜಮೀನನ್ನೇ ನಾಗಶ್ರೀ ಹಿಂದಿರುಗಿಸಬೇಕಾಗುತ್ತಿತ್ತು.

ಅವಳು ಚಪ್ಪರದ ಕೆಳಗೆ ಬಂದಳು. ಗಂಗೂ ಆಗಲೇ ಐದು ಬುಟ್ಟಿ ತುಂಬಿಸಿಟ್ಟಿದ್ದಳು. ತಲೆಯ ಮೇಲೆ ತರಕಾರಿ ಹೊತ್ತು ಕಾರವಾರದ ಮನೆಮನೆ ತಿರುಗಿದವಳು. ಈಗ ವಯಸ್ಸಾಗಿ ಇಲ್ಲಿ ಕೆಲಸಕ್ಕಿದ್ದಳು. ಕೂಲಿಯ ಜೊತೆಗೆ ವಾರಕ್ಕೊಂದು ಪಾಲು ಅವಳಿಗೂ ಉಂಟು. ನಾಗಶ್ರೀ ಸೊಪ್ಪಿನ ನೀರು ಪೂರ್ತಿ ಬಸಿದಿದೆಯೆಂದು ಖಚಿತಪಡಿಸಿಕೊಂಡು ಐದನ್ನೂ ಒಂದೊಂದಾಗಿ ತೂಗಿದಳು. ಸರಾಸರಿ ನೂರಾ ನಲವತ್ತು ಗ್ರಾಂ ಹೆಚ್ಚು. ಕೊಯ್ದದ್ದು ಎಂಬತ್ತನಾಲ್ಕು ಕಿಲೋ, ಪಾಲು ಇಪ್ಪತ್ತೊಂದು. ಹೀಗೇ ಇಪ್ಪತ್ತು ಬುಟ್ಟಿ ತುಂಬಿದರೆ ಕೊನೆಯದಕ್ಕೆ ಉಳಿಯುವುದು ಒಂದು ಕಿಲೋ ಇನ್ನೂರು ಗ್ರಾಂ. ಕೊನೆಯದು ಗಂಗೂದು.

"ಗಂಗಕ್ಕ, ನಿನ್ನ ಪಾಲಿಂದ ತೆಗ್ದು ಇವ್ರಿಗೆ ಹಾಕ್ತಾ ಇದ್ಯಾ?"

"ಮತ್ತೆ ಯಾರ ಪಾಲಿಂದ ಹಾಕೂದು? ತೂಕದ ಮೇಲೆ ಒಂದು ಹಿಡಿ ಕೊಸರಿಲ್ದೆ ಕೊಡೂಕೆ ಇದೆಂತ ರೇಶನ್ ಅಂಗಡಿಯಾ?"

"ಇಲ್ಲಿ ಯಾರೂ ಚೌಕಾಶಿ ಮಾಡೂದಿಲ್ಲ. ದುಡ್ಡು ಮೊದ್ಲೇ ಬಂದಾಗಿದೆ. ಕೊಸರು ಎಂತಕೆ?"

"ಬಾಗ್ಲಲ್ಲಿ ನಿಂತು ಎಂಟಾಣೆಗೆ ಜಗಳ ಮಾಡ್ದೋರಿಗೇ ಮೂವತ್ತು ವರ್ಸ ಕೊಸರು ಹಾಕಿದ್ದೆ. ಇವ್ರು ಬೀಜ ಮಣ್ಣಿಗೆ ಬೀಳೂಕೆ ಮುಂಚೆ ನಂಬಿ ಕೊಟ್ಟರು. ನಂಬ್ದೋರಿಗೆ ತಕ್ಕಡಿ ತೋರ್ಸೂದಾ?"

"ಹೋದ ವಾರ ಕಲಾವತಿಬಾಯಿಗೆ ಮಾತ್ರ ಇನ್ನೂರು ಗ್ರಾಂ ಹೆಚ್ಚು ಹೋಗಿದೆ."

"ಅವಳ ಮಗಳು ಬಾಳಂತಿ. ಒಂದು ಹಿಡಿ ಸೊಪ್ಪು ಹೆಚ್ಚು ಹೋದ್ರೆ ನಿನ್ನ ಹೊಲ ಬರಿದಾತಾ?"

ನಾಗಶ್ರೀಯ ಕಣ್ಣಮುಂದೆ ಆರು ಮನೆಗಳಿದ್ದವು. ವಿದ್ಯುತ್ ತಕ್ಕಡಿಯನ್ನು ಎಳೆದು ಗಂಗೂವಿನ ಮುಂದಿಟ್ಟಳು. "ಇವತ್ತು ಇದು ಹೇಳಿದಷ್ಟೇ. ಅವ್ರು ಬಿಟ್ಟರೆ ನಿಂಗೂ ಕೆಲ್ಸ ಇಲ್ಲ, ನಂಗೂ ಇಲ್ಲ."

"ಆತು. ಯಂತ್ರ ಹೇಳ್ದಂಗೆ."

ಗಂಗೂ ಐದೂ ಬುಟ್ಟಿಗಳನ್ನು ಚಾಪೆಯ ಮೇಲೆ ಮಗುಚಿ ಮೊದಲಿನಿಂದ ಶುರುಮಾಡಿದಳು. ಬೇರೆ ಶನಿವಾರಗಳಲ್ಲಾದರೆ ತುಂಬಿಸುತ್ತಲೇ ಯಾರ ಮನೆಯಲ್ಲಿ ಬದನೆ ಆಗುವುದಿಲ್ಲ, ಯಾರ ಅತ್ತೆಗೆ ಹಲ್ಲಿಲ್ಲ ಎಂದು ಒಬ್ಬಳೇ ಮಾತಾಡುವವಳು. ಇವತ್ತು ಕೈ ಮಾತ್ರ ಆಡುತ್ತಿತ್ತು. ಒಂದು ಬುಟ್ಟಿ ಆರು ಗ್ರಾಂ ಹೆಚ್ಚು ತೋರಿಸಿತು. ಒಂದು ಬೆಂಡೆಕಾಯಿ ತೆಗೆದು ನಡುವೆ ಮುರಿದು ಅರ್ಧ ವಾಪಸು ಹಾಕಿದಳು.

"ಈಗ ಬರೋಬ್ಬರಿ ಆತಾ ನೋಡು. ಉಳ್ದ ಅರ್ಧ ಬೆಂಡೆ ಮಂಗೇಶಪ್ಪಂಗೆ ಪೋಸ್ಟಲ್ಲಿ ಕಳ್ಸು."

ಕೊನೆಗೆ ಅವಳದೇ ಪಾಲು ಉಳಿಯಿತು, ಪೂರಾ ನಾಲ್ಕು ಕಿಲೋ. ಗಂಗೂ ಅದನ್ನು ದಿಟ್ಟಿಸಿ ನೋಡಿದಳು. "ಇಷ್ಟು ಹೊತ್ಕೊಂಡು ಹೋದ್ರೆ ಎಲ್ಲಿಂದ ಕದ್ದೆ ಅಂತ ಮನೆಯಲ್ಲಿ ಕೇಳ್ತರು," ಎಂದು ಬದಿಗೆ ಸರಿಸಿದಳು.

ಎಂಟೂವರೆಗೆ ಟೆಂಪೊ ಕಾರವಾರಕ್ಕೆ ಹೊರಟಿತು. ಹನ್ನೊಂದೂಕಾಲಿಗೆ ಮತ್ತೆ ಫೋನು. ಇಬ್ಬರೂ ಮೂಲಂಗಿ ಪಾತಿಯಲ್ಲಿ ಕಳೆ ಕೀಳುತ್ತಿದ್ದರು. ನಾಗಶ್ರೀಯ ಕೈ ತುಂಬ ಕೆಸರು. ಕಿರುಬೆರಳಿನಿಂದ ಸ್ಪೀಕರ್ ಒತ್ತಿ ಫೋನನ್ನು ಬದುವಿನ ಮೇಲಿಟ್ಟಳು.

"ಆರೂ ಮನೆದು ನಾನೇ ತೂಗಿದೆ," ಎಂದರು ಮಂಗೇಶರು. "ಒಂದು ಗ್ರಾಂ ಫರಕಿಲ್ಲ. ಶಾಬಾಸ್."

"ಹಾಗಾದ್ರೆ ಮುಂದಿನ ಹಂಗಾಮಿಗೆ ಇರ್ತೀರಲ್ಲ?"

"ಅದಕ್ಕೇ ಫೋನ್ ಮಾಡಿದೆ. ಕಲಾವತಿಬಾಯಿ ಏನೋ ಅಂದ್ರು. ಬಾಕಿ ನಾಲ್ಕು ಮನೆಯವ್ರೂ ಅದೇ ಅಂದ್ರು. ನಂಗೂ ಬುಟ್ಟಿ ಬಿಚ್ಚಿದ ಕೂಡ್ಲೇ ಹಾಂಗೇ ಅನಿಸ್ತು. ಬೇಜಾರು ಮಾಡ್ಕೋಬೇಡಿ ಬಾಯಿ, ಈ ಸಲ ಯಾಕೋ ಕಡಿಮೆ ಕೊಟ್ಟಂಗಿದೆ."

ಗಂಗೂ ತಲೆ ಎತ್ತಲಿಲ್ಲ. ಕಳೆ ಕೀಳುವ ಕೈಯೂ ನಿಲ್ಲಲಿಲ್ಲ.

"ಎಷ್ಟು ಬಂತು?" ನಾಗಶ್ರೀ ಕೇಳಿದಳು.

"ನಾಲ್ಕು ಕಿಲೋ, ಸೊನ್ನೆ ಗ್ರಾಂ."