ಹಸಿರು ಗುಂಡಿಯ ಕಟ್ಟು

ಹೋಗಿದ್ದ ಕರೆಂಟು ಬಂದ ಕೂಡಲೇ ಬೈರಣ್ಣನ ಮರ ಉಜ್ಜುವ ಮೆಷಿನ್ನು ತಾನಾಗಿಯೇ ಎದ್ದು ಮೇಜಿನ ಮೇಲೆ ಓಡಿತು. ಶೆಡ್ಡಿನ ಬಾಗಿಲಲ್ಲಿದ್ದ ಮೊರದ ಮೇಲೆ ಬಿದ್ದು, ಸುಲಿದಿಟ್ಟ ಅವರೆಕಾಳನ್ನೆಲ್ಲ ಅಂಗಳಕ್ಕೆ ಎರಚಿತು. ಕಾಳು ಸುಲಿಯುತ್ತಿದ್ದ ಹೆಂಡತಿ ನಾರಾಯಣಮ್ಮ ನೀರು ಕುಡಿಯಲು ಎದ್ದು ಒಂದು ನಿಮಿಷವೂ ಆಗಿರಲಿಲ್ಲ. ಬೈರಣ್ಣ ಮನೆಯೊಳಗೆ ಮುದ್ದೆ ಮುರಿಯುತ್ತಿದ್ದ.

"ಕರೆಂಟ್ ಹೋದಾಗ ಸ್ವಿಚ್ ಯಾಕಪ್ಪ ಆಫ್ ಮಾಡ್ಲಿಲ್ಲ?" ಮಗಳು ಚೈತ್ರ ಕೇಳಿದಳು.

ಅವನಿಗೆ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು. ಕೋಣನಕುಂಟೆಯಲ್ಲಿ ತೋಟವಿದ್ದ ಕಾಲದಲ್ಲಿ ಕರೆಂಟು ಹೋಯಿತೆಂದು ಪಂಪ್‌ಸೆಟ್ಟು ಆರಿಸಿ ಬರುವವನನ್ನು ಕಂಡು ಊರೇ ನಗುತ್ತಿತ್ತು. ಕರೆಂಟು ಯಾವ ಹೊತ್ತಿಗೆ ಬಂದರೂ ನೀರು ಹರಿಯಬೇಕು. ತೋಟ ಸೈಟಾಗಿ, ಸೈಟಿನ ಮೇಲೆ ಮೂರು ಮಹಡಿ ಎದ್ದರೂ ಅಭ್ಯಾಸ ಕೈ ಬಿಟ್ಟಿರಲಿಲ್ಲ.

ನಾರಾಯಣಮ್ಮ ಕೂಗಾಡಲಿಲ್ಲ. ಶೆಡ್ಡಿಗೆ ಬೀಗ ಜಡಿದು ಕೀ ಸೊಂಟಕ್ಕೆ ಸಿಕ್ಕಿಸಿಕೊಂಡಳು. "ಮರ ಉಜ್ಜಿ ಮಣೆ ಮಾಡಿದ್ದು ಸಾಕು. ಕೈಕಾಲು ನೆಟ್ಟಗಿರೋವಾಗ್ಲೇ ನಿಲ್ಸಿ." ತೋಟ ಹೋದಮೇಲೆ ಬಾಡಿಗೆಯವರಿಗೆಲ್ಲ ಬೈರಣ್ಣ ಬರೀ ಓನರ್ ಅಂಕಲ್. ದುಡಿಯುವ ಮನುಷ್ಯನಾಗಿ ಉಳಿದದ್ದು ಆ ಶೆಡ್ಡಿನೊಳಗೆ ಮಾತ್ರ.

ಪಾಲಿಟೆಕ್ನಿಕ್‌ನಲ್ಲಿ ಪಾಠ ಮಾಡುವ ಚೈತ್ರಳಿಗೆ ಅಪ್ಪನ ಮುಖ ನೋಡಲಾಗಲಿಲ್ಲ. "ತಾನೇ ಆಫ್ ಆಗೋ ಥರ ಮಾಡ್ಬೋದಮ್ಮ. ಟೈಮರ್ ನಾನು ತರ್ತೀನಿ. ಕರೆಂಟ್ ಹೋದ್ರೆ ಬಿಟ್ಕೊಳೋ ಸ್ಟಾರ್ಟರ್ ಒಂದು ಸಿಗ್ಬೇಕು."

"ಸ್ಟಾರ್ಟರಾ?" ಎಂದವನೇ ಬೈರಣ್ಣ ಅಟ್ಟಕ್ಕೆ ಏಣಿ ಹಾಕಿದ. ಪಂಪ್‌ಸೆಟ್ಟಿನ ಕಬ್ಬಿಣದ ಡಬ್ಬಿ ಧೂಳು ತಿನ್ನುತ್ತ ಕೂತಿತ್ತು. ಕೆಳಗಿಳಿಸಿದಾಗ ಚೈತ್ರ ನಕ್ಕಳು. ಅದರ ಹಸಿರು ಗುಂಡಿ ಮೇಲೇಳದಂತೆ ಸೈಕಲ್ ಟ್ಯೂಬಿನ ಪಟ್ಟಿ ಬಿಗಿದು ಕಟ್ಟಿತ್ತು.

"ಕರೆಂಟ್ ಹೋದ್ರೆ ಆಫ್ ಆಗ್ಲಿ ಅಂತಾನೇ ಇದನ್ನ ಮಾಡಿರೋದು. ನೀನು ಕಟ್ಟಾಕಿದೀಯ."

"ಇನ್ನೇನು ಮಾಡ್ಲಿ? ನೀರು ಕಟ್ಟೋ ಗಡಿಬಿಡೀಲಿ ಅದನ್ನ ಯಾರಮ್ಮ ಒತ್ತೋರು?" ಎನ್ನುತ್ತ ಅವನೇ ಬ್ಲೇಡು ಹಿಡಿದು ಪಟ್ಟಿ ಕೊಯ್ದ. ಗುಂಡಿ ಟಕ್ಕೆಂದು ಮೇಲೆದ್ದಿತು.

ಚೈತ್ರ ಮನೆಯ ಕರೆಂಟಿಗೆ ಹೊಂದುವಂತೆ ಒಳಗಿನ ಕಾಯಿಲ್ ಬದಲಿಸಿ ಟೈಮರ್ ಜೋಡಿಸಿದಳು. ಹಸಿರು ಗುಂಡಿ ಒತ್ತಿದರೆ ಮೆಷಿನ್ನಿಗೆ ಹದಿನೈದು ನಿಮಿಷ ಆಯಸ್ಸು, ಬೇಕಿದ್ದರೆ ಮತ್ತೆ ಒತ್ತಬೇಕು. ನಡುವೆ ಕರೆಂಟು ಹೋದರೂ ಹಾಗೆಯೇ.

ಭಾನುವಾರ ನಾರಾಯಣಮ್ಮ ಬೀಗ ತೆಗೆದು ದೂರ ನಿಂತಳು. ಹದಿನೈದು ನಿಮಿಷಕ್ಕೆ ಸರಿಯಾಗಿ ಮೆಷಿನ್ನು ನಿಂತಿತು. ಅವಳಿಗೆ ಅಷ್ಟು ಸಾಲದು. ಮತ್ತೆ ಓಡಿಸಲು ಹೇಳಿ, ತಾನೇ ಹೋಗಿ ಮೇನ್ ಸ್ವಿಚ್ ಆರಿಸಿದಳು, ಹತ್ತು ಎಣಿಸಿ ಹಾಕಿದಳು. ಒಳಗೆ ಫ್ಯಾನು ತಿರುಗಿತು, ಟಿವಿ ಮಾತಾಡಿತು. ಮೆಷಿನ್ನು ಸುಮ್ಮನಿತ್ತು. ಆದರೆ ಫ್ಯಾನಿನ ಸದ್ದು ಕೇಳಿದ್ದೇ ಬೈರಣ್ಣ ತೋಟಕ್ಕೆ ನೀರು ಕಟ್ಟಲು ಓಡುವವನಂತೆ ಸ್ಟೂಲಿನಿಂದ ದಡಕ್ಕನೆ ಎದ್ದು ನಿಂತಿದ್ದ.

ನಾರಾಯಣಮ್ಮ ಕೀ ತೆಗೆದು ಅವನ ಮೇಜಿನ ಮೇಲಿಟ್ಟಳು. ಕೀ ತೆಗೆದು ಅವನ ಮೇಜಿನ ಮೇಲಿಟ್ಟಳು.

"ಕೂತ್ಕಳಿ. ಕರೆಂಟ್ ಬಂತು ಅಂತ ಎದ್ದೋಡಿದ್ದು ಸಾಕು. ಇನ್ಮೇಲೆ ಕರೆಂಟೇ ನಿಮಗೋಸ್ಕರ ಕಾಯ್ಲಿ."