ಯಾರ ಮುಖದ ಕೆಳಗೆ

ಫೋನ್ ಅಪ್‌ಡೇಟ್ ಆದಾಗಿನಿಂದ ಶಾಂಭವಿಗೆ ಒಂದು ಫೋಟೊವೂ ನೆಟ್ಟಗೆ ಸಿಗುತ್ತಿರಲಿಲ್ಲ. ತಾರೀಖಿನ ಪ್ರಕಾರ ಇದ್ದವೆಲ್ಲ ಈಗ ಫೋನೇ ಗುರುತು ಹಿಡಿದ ಒಬ್ಬೊಬ್ಬರ ಮುಖದ ಕೆಳಗೆ ಗುಡ್ಡೆ ಬಿದ್ದಿದ್ದವು. ಮೊದಲ ಗಂಡ ಸಮುದ್ರಪಾಲಾದ ದಿನ ಅವಳೇ ತೆಗೆದಿದ್ದ ಕೊನೆಯ ಫೋಟೊವನ್ನು ಹುಡುಕಿ ಹುಡುಕಿ ಸೋತಿದ್ದಳು. ಅವಳಿಗೆ ನೆನಪಿದ್ದಂತೆ, ಅಲೆಗಳತ್ತ ನಡೆಯುತ್ತಿದ್ದ ಅವನ ಬೆನ್ನಷ್ಟೇ ಅದರಲ್ಲಿತ್ತು.

"ಸಿಕ್ತಾ?" ಎಂದ ಈಗಿನ ಗಂಡ ಗಿರಿಧರ. ಆ ಸಾವಾಗಿ ಎರಡು ವರ್ಷದ ಮೇಲೆ ಅವಳಿಗೆ ಪರಿಚಯವಾದವನು.

"ಸಿಕ್ತು ರೀ. ಈ ಹಾಳು ಫೋನು ಅದನ್ನ ನಿಮ್ಮ ಮುಖದ ಕೆಳಗೆ ಹಾಕಿದೆ."

ಅವನು ಕೈ ಚಾಚಿದ. "ಇಲ್ಲಿ ಕೊಡು, ಸರಿ ಮಾಡ್ತೀನಿ."

"ತಾಳಿ," ಎಂದು ಅವಳು ಎರಡು ಬೆರಳಿನಿಂದ ಫೋಟೊ ಹಿಗ್ಗಿಸಿದಳು.

ಆ ಬೆನ್ನಿನ ಆಚೆ, ಎದೆಮಟ್ಟದ ನೀರಿನಲ್ಲಿ ನಿಂತು, ಗಿರಿಧರ ಕೈಬೀಸಿ ಕರೆಯುತ್ತಿದ್ದ.