ರಟ್ಟಿನ ಬಳೆ

“ನೋಡವ್ವಾ ಉಮಾ, ಮುಂಜಾನಿಂದ ಮೂರು ಸಲ ನೀರು ಕುಡಿಸೀನಿ. ಇನ್ನ ಜನ್ಮದಾಗ ಬಿಡಂಗಿಲ್ಲ ಇದು,” ಎನ್ನುತ್ತ ಸಾಯಬಣ್ಣ ಹಸಿ ಗೋಣಿತಟ್ಟನ್ನು ಹೆಮ್ಮೆಯಿಂದ ಸರಿಸಿದ. ಅಂಗಳದ ನೆರಳಿನಲ್ಲಿ ಸೊಸೆ ಮಾಡಿಟ್ಟಿದ್ದ ಕಾಗದದ ರಾಕೆಟ್ಟು ನೆನೆದ ರೊಟ್ಟಿಯ ಹಾಗೆ ಮೆತ್ತಗಾಗಿ ಮಲಗಿತ್ತು. ಶನಿವಾರದ ಅರ್ಧ ದಿನದ ಶಾಲೆ ಮುಗಿಸಿ ಆಗಷ್ಟೇ ಸೇಡಂ ಬಸ್ಸಿಳಿದು ಬಂದಿದ್ದ ಉಮಾದೇವಿ ಹೆಗಲ ಚೀಲ ಇಳಿಸುವುದನ್ನೂ ಮರೆತು ನಿಂತಳು.

ಅದು ಸೋಮವಾರ ಅವಳು ಕಲಿಸುವ ಕುರಕುಂಟಾದ ಶಾಲೆಯ ಮಕ್ಕಳೆದುರು ಹಾರಬೇಕಾದ ರಾಕೆಟ್ಟು. ಹಿಂದಿನದರಲ್ಲಿ ಮದ್ದಿನ ಎಂಜಿನ್ನನ್ನು ಒಳಗೆ ಹಿಡಿದಿಡುವ ಬಳೆಗಳು ಕಿತ್ತುಬಂದು, ಎಂಜಿನ್ನು ರಾಕೆಟ್ಟಿನ ಮೂತಿ ಸೀಳಿಕೊಂಡು ತಾನೊಂದೇ ಮೇಲೆ ಹೋಗಿತ್ತು. ಖಾಲಿ ಕೊಳವೆ ಮಕ್ಕಳ ಮುಂದೆ ಉರುಳಿ ಬಿದ್ದಿತ್ತು. ನಕ್ಕರು ನೋಡಿ ಮಕ್ಕಳು, ಹೊಟ್ಟೆ ಹಿಡಿದುಕೊಂಡು! “ಇನ್ನೊಂದೇ ಸಲ ಮೇಡಂ, ಆಮ್ಯಾಗ ಸಾಕು,” ಎಂದುಬಿಟ್ಟಿದ್ದರು ಹೆಡ್‌ಮಾಸ್ತರು. ಅದಕ್ಕೇ ಉಮಾದೇವಿ ಈ ಸಲ ಉಸಿರು ಬಿಗಿಹಿಡಿದು ಎರಡು ರಟ್ಟಿನ ಬಳೆಗಳನ್ನು ಕೊಳವೆಯೊಳಗೆ ಅಂಟಿಸಿ, ಒಣಗಲು ಇಟ್ಟು, “ಯಾರೂ ಮುಟ್ಟಬ್ಯಾಡ್ರಿ,” ಎಂದು ಹೇಳಿ ಹೋಗಿದ್ದಳು. ಸಾಯಬಣ್ಣ ಮುಟ್ಟಿರಲಿಲ್ಲ, ಪಾಪ. ಮೇಲೊಂದು ಗೋಣಿತಟ್ಟು ಹೊದಿಸಿ, ದೂರದಿಂದಲೇ ನೀರು ಚಿಮುಕಿಸಿದ್ದ.

ನಲವತ್ತು ವರ್ಷ ಶಹಾಬಾದ್ ಕಲ್ಲಿನ ನೆಲ ಹಾಸಿದ ಕೈ ಅದು. ಹೊಸದಾಗಿ ಕೂಡಿಸಿದ್ದಕ್ಕೆ ನೀರು ಕುಡಿಸಬೇಕು, ಇಲ್ಲದಿದ್ದರೆ ಸಂದು ಬಿರಿಯುತ್ತದೆ. ಸಿಮೆಂಟಿಗೊಂದು, ಫೆವಿಕಾಲಿಗೊಂದು ನ್ಯಾಯ ಇರುತ್ತದೆಂದು ಅವನಿಗೆ ಹೇಳಿದವರಾದರೂ ಯಾರು? ಸೊಸೆ ಮನೆಗೆ ಬಂದು ಎಂಟು ತಿಂಗಳಾಗಿತ್ತು. ‘ಊಟ ಆಯ್ತೇನವ್ವಾ’ ಎನ್ನುವುದು ಬಿಟ್ಟರೆ ಓದಿದ ಹುಡುಗಿಯೊಂದಿಗೆ ಏನು ಮಾತಾಡಬೇಕೆಂದು ಅವನಿಗೆ ತಿಳಿಯುತ್ತಿರಲಿಲ್ಲ. ಅವಳಿಗಾಗಿ ತಾನು ಮಾಡಬಲ್ಲ ಕೆಲಸ ಇವತ್ತೊಂದು ಸಿಕ್ಕಿತೆಂದು ಬೆಳಗಿನಿಂದ ಹಿಗ್ಗಿ ಹೀರೇಕಾಯಿಯಾಗಿದ್ದ.

ಅವಳ ಮುಖ ನೋಡಿದ್ದೇ ಆ ಹಿಗ್ಗೆಲ್ಲ ಇಳಿದುಹೋಯಿತು. “ಹಾಳ ಮಾಡಿದ್ನೇನವ್ವಾ?”

“ಮತ್ತೇನು ಉದ್ಧಾರ ಮಾಡೀರಿ?” ಬಾಗಿಲಲ್ಲಿ ನಿಂತಿದ್ದ ಹೆಂಡತಿ ಪೀರಮ್ಮ ಹಣೆ ಬಡಿದುಕೊಂಡಳು. “ಕಾಗದಕ್ಕ ಯಾರರೆ ನೀರು ಹೊಡಿತಾರೇನ್ರಿ!”

ಉಮಾದೇವಿ ಹೆಗಲ ಚೀಲ ಇಳಿಸಿದಳು. ಕೆಳಗೆ ಕೂತು ಬ್ಲೇಡಿನಿಂದ ಕೊಳವೆ ಸೀಳಿದಳು. ಕೈ ಹಾಕಿ ಒಂದು ಬಳೆಯನ್ನು ಜಗ್ಗಿ ತೆಗೆದು, ಒಂದು ಗಳಿಗೆ ಅದನ್ನೇ ನೋಡಿದಳು. ಮಾವನ ಕಡೆ ನೋಡಿದಳು. ಅವನು ಗೋಣಿತಟ್ಟನ್ನು ಎದೆಗವಚಿಕೊಂಡು ತಪ್ಪು ಮಾಡಿದ ಮಗುವಿನಂತೆ ನಿಂತಿದ್ದ. ಅವಳು ಬಳೆಯನ್ನು ಕಟ್ಟಿಗೆ ರಾಶಿಯ ಕಡೆ ಎಸೆದಳು.

“ಚಲೋನೇ ಆಯ್ತು ಬಿಡ್ರಿ ಮಾವ. ಒಳಗ ಅಂಟೇ ಹಿಡದಿದ್ದಿಲ್ಲ. ಇದನ್ನ ಹಾರಿಸಿದ್ರ ಮತ್ತ ಎಲ್ಲರೂ ನಗ್ತಿದ್ರು.”

“ಖರೇ ಅಂತೀ?”

“ಖರೇರಿ. ಇನ್ನೊಂದು ಮಾಡೋಣು ಬರ್ರಿ. ಈ ಸಲ ಒಳಗಿನ ಕೆಲಸ ನಿಮ್ದು.”

ನೀರಿನ ಪೈಪಿನ ತುಂಡಿಗೆ ಖಾಕಿ ಕಾಗದ ಸುತ್ತಿ ಸುತ್ತಿ ಹೊಸ ಕೊಳವೆ ಮಾಡಿದರು. ಸೇಡಮ್ಮಿನ ಬಿಸಿಲು ಅದನ್ನು ಸಂಜೆಯೊಳಗೆ ಒಣಗಿಸಿಯೇಬಿಟ್ಟಿತು. ಸಾಯಬಣ್ಣ ಉದ್ದನೆಯ ಕಡ್ಡಿಯ ತುದಿಯಲ್ಲಿ ಅಂಟು ತೆಗೆದುಕೊಂಡು, ಕೊಳವೆಯೊಳಗೆ ಒಂದು ಕಣ್ಣಿಟ್ಟು, ಬಳೆಯ ಸುತ್ತ ಕಲ್ಲಿನ ಸಂದು ತುಂಬಿದ ಹಾಗೆಯೇ ತುಂಬಿದ. ಒಂದು ಕೂದಲೆಳೆಯಷ್ಟೂ ಜಾಗ ಬಿಡಲಿಲ್ಲ.

“ಕೆಳಗಿನ ಕಡೀನೂ ಹಚ್ಚರಿ ಮಾವ. ಎಂಜಿನ್ನು ಭಾಳ ಜೋರಿಲೆ ದೂಕ್ತದ.”

“ಒಳಗ ಯಾರಿಗಿ ಕಾಣ್ತದವ್ವಾ?”

“ಕಾಣಂಗಿಲ್ಲ ಅಂತೇ ಎಲ್ಲಾರೂ ಅರ್ಧಮರ್ಧ ಮಾಡ್ತಾರ್ರಿ,” ಎಂದ ಉಮಾದೇವಿ ತಟ್ಟನೆ ಬೆರಳೆತ್ತಿದಳು, “ಮತ್ತ ನೀರು ಹಾಕೀರಿ ಜೋಕೆ!” ಸಾಯಬಣ್ಣ ಗೊಳ್ಳೆಂದು ನಕ್ಕ. ಈ ಮನುಷ್ಯ ಹೀಗೆ ನಗುತ್ತಾನೆಂಬುದು ಅವಳಿಗೆ ಗೊತ್ತಾಗಿದ್ದೇ ಅವತ್ತು.

ಸೋಮವಾರ ಅವಳು ಎಷ್ಟು ಕರೆದರೂ ಅವನು ಕುರಕುಂಟಾಕ್ಕೆ ಹೋಗಲಿಲ್ಲ. ತಾನು ಅಂಟಿಸಿದ್ದು ಕಿತ್ತುಬಂದರೆ ಅವಳ ಮುಖವನ್ನು ಹೇಗೆ ನೋಡುವುದು? ಹತ್ತು ಗಂಟೆಯಾಗುತ್ತಲೇ ಕೂತಲ್ಲಿ ಕೂರಲಾರದೆ ಅಂಗಳ ಗುಡಿಸತೊಡಗಿದ. ಕಟ್ಟಿಗೆ ರಾಶಿಯ ಬುಡದಲ್ಲಿ ಶನಿವಾರದ ಆ ಬಳೆ ಪೊರಕೆಗೆ ಸಿಕ್ಕಿತು.

ಎತ್ತಿಕೊಂಡು ಅಂಚಿನ ಸುತ್ತ ಹೆಬ್ಬೆರಳು ಆಡಿಸಿದ. ಅಂಟು ಎಲ್ಲಿಯೂ ಬಿಟ್ಟಿರಲಿಲ್ಲ. ಬದಲಿಗೆ ಕೊಳವೆಯ ಕಾಗದವೇ ಹರಿದು, ಬಳೆಯ ಸುತ್ತಲೂ ಕಚ್ಚಿಕೊಂಡು ಬಂದಿತ್ತು. ಕಲ್ಲು ಕಿತ್ತರೆ ಕೆಳಗಿನ ಗಾರೆಯೂ ಜೊತೆಗೇ ಬರುವಷ್ಟು ಗಟ್ಟಿ ಕೆಲಸವನ್ನು ಅವನು ಜೀವನದಲ್ಲಿ ಎಷ್ಟು ನೋಡಿಲ್ಲ! ಅಂಟು ಹಿಡಿದಿತ್ತು. ಬಿಲ್ಕುಲ್ ಸರಿಯಾಗಿ ಹಿಡಿದಿತ್ತು. ಸೊಸೆ ಸುಳ್ಳು ಹೇಳಿದ್ದಳು. ಸಾಯಬಣ್ಣನ ಕಣ್ಣು ತುಂಬಿ ಬಂದು ಅಂಗಳವೆಲ್ಲ ಮಂಜುಮಂಜಾಯಿತು. ಹೆತ್ತ ಮಗಳಿದ್ದಿದ್ದರೂ ಬೈದೇ ಬೈಯುತ್ತಿದ್ದಳು.

ಅಷ್ಟರಲ್ಲಿ ಪೀರಮ್ಮ ಫೋನು ಹಿಡಿದುಕೊಂಡು ಓಡಿಬಂದಳು. ಆ ಕಡೆ ಮಕ್ಕಳ ಕೇಕೆಯ ನಡುವೆ ಉಮಾದೇವಿ ಕೂಗುತ್ತಿದ್ದಳು: “ಮಾವಾ, ಹಾರ್ತುರೀ! ಇಳಿಯೋ ಮುಂದ ಛತ್ರಿನೂ ಬಿಚ್ಚಿತು! ಒಳಗ ಒಂದು ಬಳೀನೂ ಅಲುಗಿಲ್ಲ ನೋಡ್ರಿ!”

“ಮತ್ತ! ಮೊದಲಿಂದರಾಗ ಅಂಟೇ ಹಿಡದಿದ್ದಿಲ್ಲಲ್ಲವ್ವಾ,” ಎಂದ ಸಾಯಬಣ್ಣ, ಕೈಯಲ್ಲಿದ್ದ ಬಳೆಯನ್ನು ನೀರೊಲೆಯ ಬೆಂಕಿಗೆ ಹಾಕುತ್ತ.